ಮನೋವಿಜ್ಞಾನ ಓದುವವರ ಪ್ರಶ್ನೆಗಳು

ಪಿಯುಸಿ ಫಲಿತಾಂಶ ಬಂದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮನೋವಿಜ್ಞಾನದ ಬಗ್ಗೆ ಕೇಳುವವರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಹೆಚ್ಚಿನವರು ಕೇಳುವುದು ಸರ್ಕಾರಿ ವಿಶ್ವವಿದ್ಯಾನಿಲಯದಲ್ಲಿ ಓದಿದರೆ ಆದೀತೇ ಎಂದು. ಪದವಿಯಿಂದ ಪಿಎಚ್.ಡಿ.ವರೆಗಿನ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರ: ಮಗಳು ಪಿಯುಸಿ ವಿಜ್ಞಾನ ಪಾಸಾಗಿದ್ದಾಳೆ. ನೀಟ್ ಬೇಡ, ಮನೋವಿಜ್ಞಾನವೇ ಬೇಕು ಅಂತ ಹಟ. ಖಾಸಗಿ ಕಾಲೇಜಿನ ಫೀಸು ಕೇಳಿ ತಲೆ ತಿರುಗಿತು. ಮೈಸೂರು ವಿಶ್ವವಿದ್ಯಾನಿಲಯಕ್ಕೆ ನೇರವಾಗಿ ಸೇರಿಸಬಹುದೇ? ಬಿ.ಎ. ಮಾಡಿಸುವುದೋ, ಬಿ.ಎಸ್ಸಿ. ಮಾಡಿಸುವುದೋ? (ಒಬ್ಬ ತಂದೆ, ಹಾವೇರಿ)

ಉ: ನಮ್ಮ ರಾಜ್ಯದ ಹಳೆಯ ವಿಶ್ವವಿದ್ಯಾನಿಲಯಗಳಲ್ಲಿ 'ವಿಭಾಗ' ಅಂದರೆ ಸಾಮಾನ್ಯವಾಗಿ ಸ್ನಾತಕೋತ್ತರ ಓದು ಮತ್ತು ಸಂಶೋಧನೆ. ಮೈಸೂರಿನ ಮಾನಸಗಂಗೋತ್ರಿ ಇರಲಿ, ಬೆಂಗಳೂರಿನ ಜ್ಞಾನಭಾರತಿ ಇರಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಇರಲಿ, ಮಗಳು ಆ ವಿಭಾಗದ ಮೆಟ್ಟಿಲು ಹತ್ತುವುದು ಪದವಿ ಮುಗಿದ ಮೇಲೆ. ಪದವಿಯ ಮೂರು ವರ್ಷ ಕಳೆಯುವುದು ಕಾಲೇಜಿನಲ್ಲಿ. ಹಾಗಾಗಿ ಈಗ ನೀವು ಆರಿಸಬೇಕಾಗಿರುವುದು ಕಾಲೇಜನ್ನು. ವಿಶ್ವವಿದ್ಯಾನಿಲಯದ ಆಯ್ಕೆಗೆ ಇನ್ನೂ ಸಮಯವಿದೆ.

2024-25ರಿಂದ ರಾಜ್ಯದಲ್ಲಿ ನಾಲ್ಕು ವರ್ಷದ ಆನರ್ಸ್ ಪದ್ಧತಿ ಹೋಗಿ, ಮೂರು ವರ್ಷ ಮೂರು ಮುಖ್ಯ ವಿಷಯಗಳ ಪದವಿ ಮರಳಿ ಬಂದಿದೆ. ಮನೋವಿಜ್ಞಾನದ ಜೊತೆ ಇನ್ನೆರಡು ವಿಷಯ ಯಾವುವು ಎಂಬುದು ಬಿ.ಎ.ಯೋ ಬಿ.ಎಸ್ಸಿ.ಯೋ ಎಂಬುದಕ್ಕಿಂತ ಮುಖ್ಯ. ಸಂಖ್ಯಾಶಾಸ್ತ್ರ ಅಥವಾ ಕಂಪ್ಯೂಟರ್ ಸಿಗುವ ಕಾಂಬಿನೇಷನ್ ಇದ್ದರೆ ಅದನ್ನೇ ಹಿಡಿಯಿರಿ. ಇಲ್ಲವಾದರೆ ಸಮಾಜಶಾಸ್ತ್ರ ಒಳ್ಳೆಯ ಜೊತೆ. ಮುಂದೆ ಎಂ.ಎ., ಎಂ.ಎಸ್ಸಿ. ಪ್ರವೇಶದಲ್ಲಿ ಕೇಳುವುದು ಪದವಿಯಲ್ಲಿ ಮನೋವಿಜ್ಞಾನ ಐಚ್ಛಿಕವಾಗಿತ್ತೇ, ಎಷ್ಟು ಶೇಕಡಾ ಅಂಕ ಎಂಬುದನ್ನು. ಪದವಿಯ ಹೆಸರಿನಿಂದ ಬಾಗಿಲು ಮುಚ್ಚುವುದು ಅಪರೂಪ.

ಕಾಲೇಜು ನೋಡಲು ಹೋದಾಗ ಪ್ರಾಂಶುಪಾಲರ ಕೋಣೆಗಿಂತ ಮೊದಲು ಪ್ರಯೋಗಾಲಯ ನೋಡಬೇಕು ಎಂದು ಕೇಳಿ. ಕನ್ನಡಿ ನೋಡಿ ನಕ್ಷತ್ರದ ಗೆರೆ ತಿದ್ದುವ ಉಪಕರಣ, ಗೆರೆಯ ಉದ್ದದಲ್ಲಿ ಕಣ್ಣಿಗೆ ಭ್ರಮೆ ಹುಟ್ಟಿಸುವ ಮ್ಯುಲರ್-ಲೈಯರ್ ಹಲಗೆ, ಸ್ಟಾಪ್‌ವಾಚ್‌ಗಳು ಮೇಜಿನ ಮೇಲಿವೆಯೋ, ಗಾಜಿನ ಬೀರುವಿನಲ್ಲಿ ಧೂಳು ತಿನ್ನುತ್ತಿವೆಯೋ ಅಲ್ಲೇ ಗೊತ್ತಾಗುತ್ತದೆ. ಪ್ರಾಕ್ಟಿಕಲ್ ವಾರಕ್ಕೆ ಎಷ್ಟು ಗಂಟೆ, ಒಂದು ಬ್ಯಾಚಿನಲ್ಲಿ ಎಷ್ಟು ಮಂದಿ, ಪಾಠ ಮಾಡುವವರಲ್ಲಿ ಕಾಯಂ ಅಧ್ಯಾಪಕರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು ಎಂದು ಕೇಳಿ. ಮೂವತ್ತು ಜನರಿಗೆ ಒಂದೇ ಉಪಕರಣವಾದರೆ, ಅರ್ಧ ಜನ ಪಕ್ಕದವರ ಅಂಕಿಗಳನ್ನು ನಕಲು ಮಾಡಿಯೇ ರೆಕಾರ್ಡ್ ತುಂಬುತ್ತಾರೆ.

ಮೂರು ವರ್ಷದ ನಂತರ ಸ್ನಾತಕೋತ್ತರ ವಿಭಾಗ ಆರಿಸುವಾಗ 'ಶೋಧಗಂಗಾ' ಜಾಲತಾಣಕ್ಕೆ ಹೋಗಿ ಆ ವಿಶ್ವವಿದ್ಯಾನಿಲಯದ ಮನೋವಿಜ್ಞಾನ ವಿಭಾಗದಿಂದ ಈಚೆಗೆ ಬಂದ ಪಿಎಚ್.ಡಿ. ಪ್ರಬಂಧಗಳನ್ನು ತೆರೆದು ನೋಡಲಿ. ಓದಲು ದುಡ್ಡು ಕೊಡಬೇಕಿಲ್ಲ. ಯಾವ ಅಧ್ಯಾಪಕರು ಯಾವ ವಿಷಯದಲ್ಲಿ ನಿಜವಾಗಿ ಕೆಲಸ ಮಾಡಿಸುತ್ತಿದ್ದಾರೆ ಎಂಬುದು ಅಲ್ಲಿ ಸಿಗುವಷ್ಟು ಪ್ರಾಸ್ಪೆಕ್ಟಸ್‌ನಲ್ಲಿ ಸಿಗುವುದಿಲ್ಲ. ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಆಸೆ ಇದ್ದರೆ ಸಿಯುಇಟಿ-ಪಿಜಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಅದರಲ್ಲಿ 75 ಪ್ರಶ್ನೆ, ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ.

ಪ್ರ: ಬಿ.ಎ. ಎರಡನೇ ವರ್ಷ. ಮ್ಯುಲರ್-ಲೈಯರ್ ಪ್ರಯೋಗದ ರೆಕಾರ್ಡ್ ಎರಡು ಸಲ ವಾಪಸು ಬಂತು. "ಡೇಟಾ ಸರಿಯಿಲ್ಲ" ಅಂತ ಮಾತ್ರ ಬರೆದಿದ್ದಾರೆ. ಎಲ್ಲಿ ತಪ್ಪಾಗಿರಬಹುದು? (ವಿದ್ಯಾರ್ಥಿನಿ, ಮೈಸೂರು)

ಉ: ಈ ಪ್ರಯೋಗ ನೋಡಲು ಸುಲಭ, ಮಾಡಲು ಅಷ್ಟು ಸುಲಭವಲ್ಲ. ಮೊದಲಿಂದ ನೋಡೋಣ.

ಹಲಗೆಯ ಮೇಲೆ ಎರಡು ಗೆರೆ. ಒಂದರ ತುದಿಯಲ್ಲಿ ಬಾಣದ ಮೊನೆ. ಇದು ಬದಲಾಗದ ಗೆರೆ, 150 ಮಿಲಿಮೀಟರ್ ಇದೆ ಎಂದುಕೊಳ್ಳಿ. ಇನ್ನೊಂದರ ತುದಿಯಲ್ಲಿ ಗರಿ ಬಿಚ್ಚಿದಂತೆ ಹೊರಕ್ಕೆ ಚಾಚಿದ ಗೀಟುಗಳು. ಇದನ್ನು ಸರಿಸಿ ಉದ್ದ-ಗಿಡ್ಡ ಮಾಡಬಹುದು. ಗರಿಯ ಗೆರೆ ಇದ್ದದ್ದಕ್ಕಿಂತ ಉದ್ದ ಕಾಣುವುದರಿಂದ ಸಬ್ಜೆಕ್ಟ್ (ಪ್ರಯೋಗಕ್ಕೆ ಕೂತವರು) ಅದನ್ನು 150ಕ್ಕಿಂತ ಮೊದಲೇ ನಿಲ್ಲಿಸಿ "ಸಮ ಆಯಿತು" ಎನ್ನುತ್ತಾರೆ. ಹಲಗೆಯ ಹಿಂದಿನ ಅಳತೆ ಪಟ್ಟಿ ನಿಮಗೆ ಮಾತ್ರ ಕಾಣಬೇಕು.

ಒಟ್ಟು 40 ಸಲ ಮಾಡಿಸಿ. 20 ಸಲ ಸರಿಯುವ ಗೆರೆ ಬಲಕ್ಕೆ, 20 ಸಲ ಹಲಗೆ ತಿರುಗಿಸಿ ಎಡಕ್ಕೆ. ಪ್ರತಿ ಇಪ್ಪತ್ತರಲ್ಲೂ 10 ಸಲ ಗಿಡ್ಡದಿಂದ ಹೊರಕ್ಕೆ, 10 ಸಲ ಉದ್ದದಿಂದ ಒಳಕ್ಕೆ. ಇವನ್ನು ಒಂದೇ ಸಾಲಿನಲ್ಲಿ ಮುಗಿಸದೆ ಹೊರಕ್ಕೆ 5, ಒಳಕ್ಕೆ 10, ಮತ್ತೆ ಹೊರಕ್ಕೆ 5 ಎಂದು ಹಂಚಿ. ಇಲ್ಲವಾದರೆ ಅಭ್ಯಾಸ ಮತ್ತು ಬೇಸರ ಎರಡೂ ಒಂದೇ ಕಡೆ ಬೀಳುತ್ತವೆ.

ಲೆಕ್ಕ ಹೀಗೆ. ನಲವತ್ತರ ಸರಾಸರಿ 128 ಬಂದರೆ ಅದು ಸಮವೆಂದು ಕಂಡ ಬಿಂದು. 128ರಿಂದ 150 ಕಳೆದರೆ ಮೈನಸ್ 22 ಮಿಲಿಮೀಟರ್, ಅದೇ ಸ್ಥಿರ ದೋಷ, ಅಂದರೆ ಭ್ರಮೆಯ ಪ್ರಮಾಣ. ಒಳಕ್ಕೆ ಸರಿಸಿದಾಗಿನ ಸರಾಸರಿ 130, ಹೊರಕ್ಕೆ ಸರಿಸಿದಾಗಿನದು 126 ಆದರೆ, ವ್ಯತ್ಯಾಸದ ಅರ್ಧ 2 ಮಿಲಿಮೀಟರ್ ಚಲನೆಯ ದೋಷ. ಬಲ-ಎಡ ಸರಾಸರಿಗಳ ವ್ಯತ್ಯಾಸದ ಅರ್ಧ ಸ್ಥಾನದ ದೋಷ. ಮಾನಕ ವಿಚಲನೆಯನ್ನು ಬಿಡಬೇಡಿ. ಸಬ್ಜೆಕ್ಟ್ ಎಷ್ಟು ಸ್ಥಿರವಾಗಿ ಅಂದಾಜಿಸಿದರು ಎಂದು ಹೇಳುವುದು ಅದೇ.

ತಪ್ಪುವುದು ಸಾಮಾನ್ಯವಾಗಿ ಇಲ್ಲಿ: ಪ್ರತಿ ಸಲವೂ ಗೆರೆಯನ್ನು ಒಂದೇ ಜಾಗದಿಂದ ಶುರು ಮಾಡುವುದು (ಆಗ ಕಣ್ಣು ಅಳೆಯುವುದಿಲ್ಲ, ಕೈ ಎಷ್ಟು ದೂರ ಹೋಯಿತೆಂದು ನೆನಪಿಟ್ಟುಕೊಳ್ಳುತ್ತದೆ), ನಡುನಡುವೆ "ಹ್ಞಾಂ, ಸರಿ" ಅನ್ನುವುದು, ಕನ್ನಡಕದವರಿಗೆ ಕನ್ನಡಕ ಹಾಕಿಸದಿರುವುದು, ಹಲಗೆ ಕಣ್ಣಿಗೆ ನೇರ ಇಲ್ಲದಿರುವುದು.

ಆದರೆ "ಡೇಟಾ ಸರಿಯಿಲ್ಲ" ಎಂಬ ಎರಡೇ ಪದದ ಟಿಪ್ಪಣಿಗೆ ಇನ್ನೊಂದು ಅರ್ಥವೂ ಇದೆ, ನೀವು ಬೇಸರ ಮಾಡಿಕೊಳ್ಳಬಾರದು. ಮನೆಯಲ್ಲಿ ಕೂತು ತುಂಬಿದ ಅಂಕಿಗಳು ಅನುಭವಸ್ಥರ ಕಣ್ಣಿಗೆ ಬೇಗ ಬೀಳುತ್ತವೆ. ಎಲ್ಲ ಅಳತೆಗಳೂ ಸೊನ್ನೆ ಅಥವಾ ಐದರಲ್ಲಿ ಮುಗಿಯುತ್ತವೆ. ವಿಚಲನೆ ನಂಬಲಾಗದಷ್ಟು ಚಿಕ್ಕದು. ಮುಖ್ಯವಾಗಿ, ಈ ಭ್ರಮೆ ಅಭ್ಯಾಸದಿಂದ ಕಡಿಮೆಯಾಗುತ್ತಾ ಹೋಗುತ್ತದೆ. ನಿಜವಾಗಿ ಮಾಡಿದ ಪ್ರಯೋಗದಲ್ಲಿ ಕೊನೆಯ ಹತ್ತು ಅಳತೆಗಳು ಮೊದಲ ಹತ್ತಕ್ಕಿಂತ 150ರ ಕಡೆಗೆ ಸ್ವಲ್ಪ ವಾಲಿರುವುದು ಸಾಮಾನ್ಯ. ಕಟ್ಟಿದ ಅಂಕಿಯಲ್ಲಿ ಆ ವಾಲು ಇರುವುದಿಲ್ಲ. ನಿಮ್ಮ ಪಟ್ಟಿಯನ್ನು ಒಮ್ಮೆ ಹೀಗೆ ನೋಡಿ, ಅನುಮಾನವಿದ್ದರೆ ಹೊಸ ಸಬ್ಜೆಕ್ಟ್ ಕೂರಿಸಿ ಮತ್ತೆ ಮಾಡಿ. ನಲವತ್ತು ಅಳತೆಗೆ ಅರ್ಧ ಗಂಟೆ ಸಾಕು. ಕೊನೆಯಲ್ಲಿ ಸಬ್ಜೆಕ್ಟ್ ತಮ್ಮ ಅನುಭವವನ್ನು ತಾವೇ ಹೇಳಿದ ಎರಡು ಸಾಲು ಬರೆಯಲು ಮರೆಯಬೇಡಿ. ವೈವಾದಲ್ಲಿ ಎಕ್ಸ್‌ಟರ್ನಲ್ ಅದನ್ನೇ ಕೇಳುವುದುಂಟು.

ಪ್ರ: ಗಣಿತಕ್ಕೆ ಹೆದರಿಯೇ ಕಲಾ ವಿಭಾಗಕ್ಕೆ ಬಂದವನು. ಮನೋವಿಜ್ಞಾನದಲ್ಲಿ ಲೆಕ್ಕ ಎಷ್ಟಿರುತ್ತದೆ? (ಚಿತ್ರದುರ್ಗ)

ಉ: ನೀವು ಅಂದುಕೊಂಡಿದ್ದಕ್ಕಿಂತ ಹೆಚ್ಚು, ಹೆದರಿದ್ದಕ್ಕಿಂತ ಕಡಿಮೆ. ಕ್ಯಾಲ್ಕುಲಸ್ ಇಲ್ಲ. ಸರಾಸರಿ, ಮಾನಕ ವಿಚಲನೆ, ಸಹಸಂಬಂಧ, ಟಿ-ಪರೀಕ್ಷೆ, ಕೈ-ವರ್ಗ ಪದವಿಯಲ್ಲೇ ಬರುತ್ತವೆ. ಎಂ.ಎ.ಯಲ್ಲಿ ಅನೋವಾ, ರಿಗ್ರೆಷನ್, ಫ್ಯಾಕ್ಟರ್ ಅನಾಲಿಸಿಸ್ ಸೇರುತ್ತವೆ.

ಐದು ಜನರ ಅಂಕ 4, 6, 7, 8, 10 ಇವೆ ಎನ್ನಿ. ಸರಾಸರಿ 7. ಪ್ರತಿಯೊಂದೂ ಏಳರಿಂದ ಎಷ್ಟು ದೂರ? ಮೈನಸ್ 3, ಮೈನಸ್ 1, 0, 1, 3. ಇವುಗಳ ವರ್ಗ 9, 1, 0, 1, 9, ಮೊತ್ತ 20. ಇದನ್ನು ಐದರ ಬದಲು ನಾಲ್ಕರಿಂದ ಭಾಗಿಸಿದರೆ 5, ಅದರ ವರ್ಗಮೂಲ 2.24, ಅದೇ ಮಾನಕ ವಿಚಲನೆ. ನಾಲ್ಕರಿಂದ ಏಕೆ ಎಂದರೆ, ಐದೇ ಜನರಿಂದ ದೊಡ್ಡ ಗುಂಪಿನ ಹರಡುವಿಕೆ ಅಂದಾಜಿಸುವಾಗ ಉತ್ತರ ಚಿಕ್ಕದಾಗಿ ಬರುವ ವಾಲು ಇರುತ್ತದೆ. ಒಂದು ಕಳೆಯುವುದು ಅದನ್ನು ಸರಿದೂಗಿಸುವುದಕ್ಕೆ. ಇಷ್ಟು ಕೈಯಿಂದ ಮಾಡಲು ಬಂದರೆ ಮುಂದಿನದಕ್ಕೆಲ್ಲ ಸಾಫ್ಟ್‌ವೇರ್ ಇದೆ. ಎಸ್‌ಪಿಎಸ್‌ಎಸ್ ದುಬಾರಿ, ವಿಭಾಗದ ಲ್ಯಾಬಿನಲ್ಲಿ ಮಾತ್ರ ಬಳಸಿ. ಮನೆಯ ಲ್ಯಾಪ್‌ಟಾಪಿಗೆ ಜಮೋವಿ ಅಥವಾ ಜಾಸ್ಪ್ ಹಾಕಿಕೊಳ್ಳಿ, ಎರಡೂ ಉಚಿತ. ಕದ್ದ ಎಸ್‌ಪಿಎಸ್‌ಎಸ್ ಪ್ರತಿ ಪೆನ್‌ಡ್ರೈವಿನಲ್ಲಿ ಓಡಾಡುತ್ತಿರುತ್ತದೆ. ಅದರ ಜೊತೆ ಓಡಾಡುವ ವೈರಸ್ ಥೀಸಿಸ್ ಸಲ್ಲಿಸುವ ವಾರವೇ ಎಚ್ಚರಗೊಳ್ಳುತ್ತದೆ.

ಪ್ರ: ಎಂ.ಎ. ಕೊನೆಯ ಸೆಮಿಸ್ಟರ್. "ಗ್ರಾಮೀಣ ಮತ್ತು ನಗರದ ಕಾಲೇಜು ವಿದ್ಯಾರ್ಥಿಗಳಲ್ಲಿ ಖಿನ್ನತೆ" ಎಂದು ಡಿಸರ್ಟೇಷನ್ ವಿಷಯ. 30+30 ಒಟ್ಟು 60 ಜನ ಸಾಕು ಅಂತ ಸೀನಿಯರ್ಸ್ ಹೇಳಿದರು. ಗೂಗಲ್ ಫಾರ್ಮ್ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಬಹುದೇ? ಇಂಗ್ಲಿಷ್ ಪ್ರಶ್ನಾವಳಿಯನ್ನು ನಾನೇ ಕನ್ನಡಕ್ಕೆ ಮಾಡಿಕೊಂಡರೆ ಆಗುತ್ತದೆಯೇ? (ಧಾರವಾಡ)

ಉ: ಇಲ್ಲಿ ಮೂರು ತೊಂದರೆಗಳಿವೆ, ನಾಲ್ಕನೆಯದನ್ನು ನೀವು ಕೇಳಿಲ್ಲ.

ಮೊದಲು ಸಂಖ್ಯೆ. ಎರಡು ಗುಂಪಿನ ನಡುವೆ ಮಧ್ಯಮ ಗಾತ್ರದ ವ್ಯತ್ಯಾಸ (ಅರ್ಧ ಮಾನಕ ವಿಚಲನೆಯಷ್ಟು) ಇದೆ ಎಂದುಕೊಳ್ಳಿ. ಅದನ್ನು ಟಿ-ಪರೀಕ್ಷೆಯಲ್ಲಿ ನೂರಕ್ಕೆ ಎಂಬತ್ತು ಸಲವಾದರೂ ಹಿಡಿಯಬೇಕಾದರೆ, ರೂಢಿಯ 0.05 ಮಟ್ಟದಲ್ಲಿ (ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ತಪ್ಪಿಗೆ ನೂರಕ್ಕೆ ಐದರಷ್ಟೇ ಅವಕಾಶ), ಗುಂಪಿಗೆ 64 ಜನ ಬೇಕು. ಮೂವತ್ತೇ ಇದ್ದರೆ ಹಿಡಿಯುವ ಸಂಭವ ಅರ್ಧಕ್ಕಿಂತ ತುಸು ಕಡಿಮೆ. ಅಂದರೆ ವ್ಯತ್ಯಾಸ ನಿಜವಾಗಿ ಇದ್ದರೂ "ಸಾರ್ಥಕ ವ್ಯತ್ಯಾಸ ಕಂಡುಬಂದಿಲ್ಲ" ಎಂದು ಬರೆದು ಬೈಂಡ್ ಮಾಡಿಸುವ ಸಾಧ್ಯತೆಯೇ ಹೆಚ್ಚು. "ಮೂವತ್ತು ಸಾಕು" ಎಂಬ ಮಾತು ಎಲ್ಲಿಂದಲೋ ಬಂದು ವಿಭಾಗದಿಂದ ವಿಭಾಗಕ್ಕೆ ಹಬ್ಬಿದೆ. ಜಿ-ಪವರ್ ಎಂಬ ಉಚಿತ ತಂತ್ರಾಂಶದಲ್ಲಿ ನಿಮ್ಮ ಲೆಕ್ಕ ಹಾಕಿ, ಆ ಪರದೆಯ ಚಿತ್ರವನ್ನೇ ಅನುಬಂಧದಲ್ಲಿ ಸೇರಿಸಿ.

ವಾಟ್ಸ್ಆ್ಯಪ್ ಫಾರ್ಮಿನ ಕಷ್ಟ ಬೇರೆ. ನಿಮ್ಮ ಸ್ನೇಹಿತರು, ಅವರ ಸ್ನೇಹಿತರು ತುಂಬುತ್ತಾರೆ. ಹಳ್ಳಿಯವರೆಂದು ಬರೆದವರು ಧಾರವಾಡದ ಹಾಸ್ಟೆಲಿನಲ್ಲಿ ಐದು ವರ್ಷದಿಂದ ಇರುವವರಾಗಿರುತ್ತಾರೆ. 'ಗ್ರಾಮೀಣ' ಅಂದರೆ ಹುಟ್ಟಿದ ಊರೋ, ಈಗ ಮನೆಯಿಂದ ಕಾಲೇಜಿಗೆ ಬರುತ್ತಿರುವ ಊರೋ, ಮೊದಲೇ ತೀರ್ಮಾನಿಸಿ ಬರೆಯಿರಿ. ಸಾಧ್ಯವಿದ್ದರೆ ಎರಡು ತಾಲ್ಲೂಕು ಕಾಲೇಜು, ಎರಡು ನಗರದ ಕಾಲೇಜು ಗೊತ್ತುಮಾಡಿ, ಪ್ರಾಂಶುಪಾಲರ ಅನುಮತಿ ಪಡೆದು ತರಗತಿಯಲ್ಲೇ ಕಾಗದದ ಮೇಲೆ ತುಂಬಿಸಿ. ಫಾರ್ಮೇ ಬೇಕೆಂದರೆ ನಡುವೆ "ಇಲ್ಲಿ ಎರಡನೆಯ ಉತ್ತರವನ್ನೇ ಗುರುತು ಮಾಡಿ" ಎಂಬಂಥ ಒಂದು ಪ್ರಶ್ನೆ ಇಡಿ. ಓದದೆ ಒತ್ತುವವರು ಅಲ್ಲೇ ಸಿಕ್ಕಿಬೀಳುತ್ತಾರೆ.

ಅನುವಾದವನ್ನು ಒಬ್ಬರೇ ಮಾಡಬೇಡಿ. ಪ್ರಶ್ನಾವಳಿಯ ಹಕ್ಕು ಯಾರದೆಂದು ನೋಡಿ, ಬೇಕಿದ್ದರೆ ಅನುಮತಿ ಕೇಳಿ ಮಿಂಚಂಚೆ ಬರೆಯಿರಿ. ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರಲಿ, ಎರಡನ್ನೂ ಇಟ್ಟುಕೊಂಡು ಒಂದು ಮಾಡಿ. ಮೂಲವನ್ನು ನೋಡಿರದ ಇನ್ನೊಬ್ಬರು ಅದನ್ನು ಇಂಗ್ಲಿಷಿಗೆ ಮರಳಿ ತರಲಿ. ಅರ್ಥ ಜಾರಿದ ಸಾಲುಗಳು ಆಗ ಎದ್ದು ಕಾಣುತ್ತವೆ. ಆಮೇಲೆ ಹತ್ತಾರು ವಿದ್ಯಾರ್ಥಿಗಳಿಗೆ ಕೊಟ್ಟು, ಪ್ರತಿ ಸಾಲು ಏನು ಕೇಳುತ್ತಿದೆ ಎಂದು ಅವರ ಮಾತಿನಲ್ಲೇ ಹೇಳಿಸಿ. ಹೆಚ್ಚಾಗಿ ಎಡವುವುದು ಉತ್ತರದ ಮೆಟ್ಟಿಲುಗಳಲ್ಲಿ. 'ಕೆಲವೊಮ್ಮೆ', 'ಆಗಾಗ' ಇವೆರಡರಲ್ಲಿ ಯಾವುದು ಹೆಚ್ಚು ಎಂದು ಹತ್ತು ಜನರನ್ನು ಕೇಳಿದರೆ ಒಂದೇ ಉತ್ತರ ಬರುವುದಿಲ್ಲ. 'ವಾರದಲ್ಲಿ ಒಂದೆರಡು ದಿನ', 'ಅರ್ಧಕ್ಕಿಂತ ಹೆಚ್ಚು ದಿನ' ಎಂದು ದಿನಗಳಲ್ಲೇ ಹೇಳುವುದು ಕ್ಷೇಮ. ಇಷ್ಟಾದ ಮೇಲೆ, ಸಾಲುಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಹೇಳುವ ಕ್ರೋನ್‌ಬಾಕ್ ಆಲ್ಫಾ 0.70ಕ್ಕಿಂತ ಕೆಳಗೆ ಬಂದರೆ ಸಾಲುಗಳನ್ನು ಒಂದೊಂದಾಗಿ ಪರೀಕ್ಷಿಸಿ; ಬಹಳ ಸಲ ತಪ್ಪು ಇರುವುದು ತಿರುಗಿಸಿ ಅಂಕ ಕೊಡಬೇಕಾದ ಸಾಲನ್ನು ತಿರುಗಿಸಲು ಮರೆತದ್ದರಲ್ಲಿ. ಈ ಶ್ರಮವೆಲ್ಲ ಬೇಡವಾದರೆ ಪಿಎಚ್‌ಕ್ಯು-9 ಎಂಬ ಒಂಬತ್ತು ಸಾಲಿನ ಖಿನ್ನತೆಯ ಪ್ರಶ್ನಾವಳಿ ಬಳಸಿ. ಅದು ಉಚಿತ, ಕನ್ನಡ ಆವೃತ್ತಿಯೂ ಸಿದ್ಧವಿದೆ. ಒಟ್ಟು ಅಂಕ 0ಯಿಂದ 27. 10 ಮತ್ತು ಮೇಲ್ಪಟ್ಟರೆ ಹೆಚ್ಚಿನ ಪರಿಶೀಲನೆ ಬೇಕೆಂದು ಅರ್ಥ, ಖಿನ್ನತೆ ಇದೆ ಎಂದಲ್ಲ.

ಈಗ ನೀವು ಕೇಳದ ಪ್ರಶ್ನೆ. ಪಿಎಚ್‌ಕ್ಯು-9ರ ಒಂಬತ್ತನೆಯ ಸಾಲು ಸಾಯುವ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ ಕೇಳುತ್ತದೆ. ಹೆಸರಿಲ್ಲದ ಗೂಗಲ್ ಫಾರ್ಮಿನಲ್ಲಿ ಒಬ್ಬ ಹುಡುಗಿ 'ಹೆಚ್ಚುಕಡಿಮೆ ದಿನವೂ' ಎಂದು ಒತ್ತಿದರೆ ನೀವೇನು ಮಾಡುತ್ತೀರಿ? ನೈತಿಕ ಸಮಿತಿ ಇದನ್ನು ಕೇಳಿಯೇ ಕೇಳುತ್ತದೆ, ಕೇಳದಿದ್ದರೂ ನೀವು ಯೋಚಿಸಿರಬೇಕು. ಎರಡು ದಾರಿ ಇವೆ. ಒಂದೋ ಒಂಬತ್ತನೆಯ ಸಾಲಿಲ್ಲದ ಪಿಎಚ್‌ಕ್ಯು-8 ಬಳಸಿ. ಇಲ್ಲವೇ ಕಾಗದದ ಮೇಲೆ ಸಂಕೇತ ಸಂಖ್ಯೆ ಹಾಕಿ ತುಂಬಿಸಿ, ಅಂದೇ ಸಂಜೆಯೊಳಗೆ ಎಲ್ಲರ ಒಂಬತ್ತನೆಯ ಉತ್ತರ ನೋಡಿ, ಯಾರನ್ನಾದರೂ ಮಾತಾಡಿಸಬೇಕಾದರೆ ಯಾರು ಮಾತಾಡಿಸುತ್ತಾರೆ, ಯಾವ ಆಸ್ಪತ್ರೆಗೆ ಕಳಿಸುತ್ತೀರಿ ಎಂದು ಮಾರ್ಗದರ್ಶಕರ ಜೊತೆ ಮೊದಲೇ ಬರೆದಿಟ್ಟುಕೊಳ್ಳಿ. ಅಗತ್ಯ ಬಿದ್ದರೆ ಹೀಗೆ ಸಂಪರ್ಕಿಸುತ್ತೇವೆ ಎಂಬುದನ್ನು ಒಪ್ಪಿಗೆ ಪತ್ರದಲ್ಲೇ ಹೇಳಿರಬೇಕು. ಯಾವುದೇ ದಾರಿಯಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416 ಪ್ರಶ್ನಾವಳಿಯ ಕೆಳಗೆ ಇರಲಿ. ಪಿಯು ವಿದ್ಯಾರ್ಥಿಗಳನ್ನೂ ಸೇರಿಸಿದರೆ ಅವರು 18ಕ್ಕಿಂತ ಕಿರಿಯರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಪೋಷಕರ ಒಪ್ಪಿಗೆಯೂ ಬೇಕು, ಮಗುವಿನ ಸಮ್ಮತಿಯೂ ಬೇಕು.

ಒಂದು ಮಾತು: ಡಿಸರ್ಟೇಷನ್ ಅಂದರೆ ಎರಡು ಗುಂಪು ಹೋಲಿಸುವುದೇ ಎಂಬ ರೂಢಿಯಿಂದ ಗ್ರಂಥಾಲಯದ ಬೀರುಗಳು ತುಂಬಿವೆ. ನಿದ್ದೆಯ ಗಂಟೆಗೂ ಖಿನ್ನತೆಯ ಅಂಕಕ್ಕೂ ಸಂಬಂಧವಿದೆಯೇ ಎಂದು ಕೇಳಿದರೂ ಡಿಸರ್ಟೇಷನ್ ಆಗುತ್ತದೆ. 0.3ರಷ್ಟು ಸಹಸಂಬಂಧ ಹಿಡಿಯಲು ಸುಮಾರು 85 ಜನ ಸಾಕು.

ಪ್ರ: ಎಂ.ಎಸ್ಸಿ. ಕ್ಲಿನಿಕಲ್ ಸೈಕಾಲಜಿ ಮುಗಿಸಿದ್ದೇನೆ. ಊರಲ್ಲಿ "ಕ್ಲಿನಿಕಲ್ ಸೈಕಾಲಜಿಸ್ಟ್" ಎಂದು ಬೋರ್ಡ್ ಹಾಕಬಹುದೇ? (ಶಿವಮೊಗ್ಗ)

ಉ: ಹಾಕಬೇಡಿ. ಪದವಿ ಪತ್ರದಲ್ಲಿ 'ಕ್ಲಿನಿಕಲ್' ಎಂಬ ಪದವಿದ್ದ ಮಾತ್ರಕ್ಕೆ ಆ ಹೆಸರು ಬರುವುದಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ಇದನ್ನು ವ್ಯಾಖ್ಯಾನಿಸಿದೆ: ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐ, ಮಾನ್ಯ ಮಾಡಿದ ಅರ್ಹತೆ ಬೇಕು, ಇಲ್ಲವೇ ಸ್ನಾತಕೋತ್ತರ ಪದವಿಯ ಮೇಲೆ ಮೇಲ್ವಿಚಾರಣೆಯಲ್ಲಿ ರೋಗಿಗಳೊಂದಿಗೆ ತರಬೇತಿ ಪಡೆದ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಬೇಕು. ಮಂಡಳಿಯ ಕೇಂದ್ರೀಯ ನೋಂದಣಿ ಪುಸ್ತಕದಲ್ಲಿ ಹೆಸರಿಲ್ಲದೆ ವೃತ್ತಿ ಮಾಡಿದರೆ 1992ರ ಕಾಯ್ದೆಯಡಿ ಒಂದು ವರ್ಷದವರೆಗೆ ಸಜೆ, ಅಥವಾ ಒಂದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡದ ಮೊತ್ತ ಕೇಳಿ ನಗು ಬಂದೀತು. ಸಜೆಯ ಮಾತು ಹಾಗಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ತರಬೇತಿ 1955ರಷ್ಟು ಹಿಂದೆಯೇ, ಆಗಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ, ಡಿಪ್ಲೊಮಾ ಆಗಿ ಶುರುವಾದದ್ದು. ಎಂ.ಫಿಲ್.ಗೆ ಮಂಡಳಿಯ ನಿಯಮದಂತೆ ಮನೋವಿಜ್ಞಾನದ ಸ್ನಾತಕೋತ್ತರದಲ್ಲಿ ಶೇ 55 ಅಂಕ, ಪರಿಶಿಷ್ಟ ಮತ್ತು ಹಿಂದುಳಿದ ವರ್ಗದವರಿಗೆ ಶೇ 50. ಸೀಟುಗಳು ಬೆರಳೆಣಿಕೆ, ಪೈಪೋಟಿ ದೇಶದ್ದು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿ, ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಮಾತ್ರ 2025-26ರ ಪ್ರವೇಶದವರೆಗೆ ವಿನಾಯಿತಿ ಕೊಟ್ಟಿತ್ತು. ಆದ್ದರಿಂದ ಯಾವುದೇ ಸಂಸ್ಥೆಗೆ ಶುಲ್ಕ ಕಟ್ಟುವ ಮೊದಲು ಮೂರನ್ನು ಮಂಡಳಿಯ ಜಾಲತಾಣದಲ್ಲೇ ನೋಡಿ: ಸಂಸ್ಥೆಯ ಹೆಸರು, ಕೋರ್ಸಿನ ನಿಖರ ಹೆಸರು, ನೀವು ಸೇರುವ ವರ್ಷಕ್ಕೆ ಮಾನ್ಯತೆ ಊರ್ಜಿತವಿದೆಯೇ ಎಂಬುದು. "ಮಾನ್ಯತೆಗೆ ಅರ್ಜಿ ಹಾಕಿದ್ದೇವೆ, ಬಂದುಬಿಡುತ್ತದೆ" ಎಂಬ ಮಾತಿಗೆ ಚೆಕ್ ಬರೆಯಬೇಡಿ.

ಅಲ್ಲಿಯವರೆಗೆ ಶಾಲಾ ಆಪ್ತಸಮಾಲೋಚಕರಾಗಿ, ಸಂಶೋಧನಾ ಸಹಾಯಕರಾಗಿ ಕೆಲಸ ಮಾಡಲು ಅಡ್ಡಿಯಿಲ್ಲ. ಬುದ್ಧಿಮಾಂದ್ಯತೆ, ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ ಸಹಿ ಹಾಕುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ.

ಪ್ರ: ಬಿ.ಕಾಂ. ಓದಿ ಕಂಪನಿಯಲ್ಲಿ ಕೆಲಸದಲ್ಲಿದ್ದೇನೆ. ದೂರಶಿಕ್ಷಣದಲ್ಲಿ ಎಂ.ಎ. ಸೈಕಾಲಜಿ ಮಾಡುವ ಆಸೆ. (ಬೆಂಗಳೂರು)

ಉ: ಆ ಬಾಗಿಲು ಮುಚ್ಚಿದೆ. ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ 2021ರ ಕಾಯ್ದೆಯಡಿ ಮನೋವಿಜ್ಞಾನವೂ ಬರುವುದರಿಂದ, 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಅದನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕೊಡಬಾರದೆಂದು ಯುಜಿಸಿ ಹೇಳಿದೆ. ಬಿ.ಎ.ಯಲ್ಲಿ ಹಲವು ವಿಷಯಗಳ ನಡುವೆ ಮನೋವಿಜ್ಞಾನ ಒಂದಾಗಿದ್ದರೆ ಅದೊಂದು ಮಾತ್ರ ಬಿದ್ದುಹೋಗುತ್ತದೆ, ಉಳಿದವು ನಡೆಯುತ್ತವೆ. ಇನ್ನೂ ಆನ್‌ಲೈನ್ ಎಂ.ಎ. ಸೈಕಾಲಜಿ ಎಂದು ಫೋನ್ ಮಾಡುವವರಿದ್ದರೆ ಯುಜಿಸಿ ಅನುಮತಿಯ ಪ್ರತಿ ಕೇಳಿ.

ನಿಮಗಿರುವುದು ರೆಗ್ಯುಲರ್ ಓದು. ಬೇರೆ ವಿಷಯದ ಪದವೀಧರರನ್ನು ತೆಗೆದುಕೊಳ್ಳುವ ವಿಭಾಗಗಳೂ ಇವೆ, ತೆಗೆದುಕೊಳ್ಳದವೂ ಇವೆ. ಆಯಾ ವರ್ಷದ ಪ್ರವೇಶ ಅಧಿಸೂಚನೆಯ ಅರ್ಹತಾ ಕಲಮನ್ನು ಓದದೆ ರಾಜೀನಾಮೆ ಕೊಡಬೇಡಿ. ತಯಾರಿಗೆ ಎನ್‌ಸಿಇಆರ್‌ಟಿಯ 11 ಮತ್ತು 12ನೇ ತರಗತಿಯ ಮನೋವಿಜ್ಞಾನ ಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅವನ್ನು ಓದಿದ ಮೇಲೂ ಆಸೆ ಉಳಿದರೆ ಮುಂದುವರಿಯಿರಿ.

ಪ್ರ: ಕನ್ನಡ ಮಾಧ್ಯಮದವಳು. ಪಾಠ ಅರ್ಥವಾಗುತ್ತದೆ, ಪುಸ್ತಕ ಅರ್ಥವಾಗುವುದಿಲ್ಲ. (ಕೊಪ್ಪಳ)

ಉ: ಇಡೀ ಪುಸ್ತಕ ಓದಲು ಹೋಗಬೇಡಿ. ಒಂದು ಅಧ್ಯಾಯದ ಕೊನೆಯ ಸಾರಾಂಶ ಮೊದಲು ಓದಿ, ಅದರಲ್ಲಿ ಬರುವ ಪಾರಿಭಾಷಿಕ ಪದಗಳನ್ನು ಒಂದು ನೋಟ್‌ಪುಸ್ತಕದಲ್ಲಿ ಇಂಗ್ಲಿಷ್, ಕನ್ನಡ, ಒಂದು ಉದಾಹರಣೆ ಎಂದು ಮೂರು ಕಾಲಂ ಮಾಡಿ ಬರೆಯಿರಿ. ಒಂದು ಸೆಮಿಸ್ಟರಿಗೆ ಇನ್ನೂರು-ಮುನ್ನೂರು ಪದಗಳಾಗಬಹುದು, ಅದಕ್ಕಿಂತ ಹೆಚ್ಚಿಲ್ಲ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವುದಾದರೆ ಪಾರಿಭಾಷಿಕ ಪದವನ್ನು ಮೊದಲ ಸಲ ಬಂದಾಗ ಎರಡೂ ಭಾಷೆಯಲ್ಲಿ ಕೊಡಿ. ಒಂದೇ ಪದಕ್ಕೆ ಎರಡು ಪುಸ್ತಕಗಳಲ್ಲಿ ಎರಡು ಕನ್ನಡ ಪದ ಇರುವುದರಿಂದ ಮೌಲ್ಯಮಾಪಕರಿಗೆ ಗೊಂದಲವಾಗಿ ಅಂಕ ಹೋಗುವುದು ತಪ್ಪುತ್ತದೆ. ಸಂಶೋಧನೆಗೆ ಬಂದಾಗ ನಿಮ್ಮ ಕನ್ನಡವೇ ಬಂಡವಾಳ. ಕನ್ನಡ ಮಾತ್ರ ಬಲ್ಲವರನ್ನು ಸಂದರ್ಶಿಸಿ ಅವರ ಮಾತನ್ನು ಸರಿಯಾಗಿ ಬರೆದುಕೊಳ್ಳಬಲ್ಲವರು ಯೋಜನೆಗಳಲ್ಲಿ ಸದಾ ಬೇಕಾಗಿರುತ್ತಾರೆ.

ಪ್ರ: ಪ್ರೌಢಶಾಲಾ ಶಿಕ್ಷಕಿ. ಮಕ್ಕಳ ಆಪ್ತಸಮಾಲೋಚನೆ ಕಲಿಯಬೇಕು, ಎಂ.ಎ. ಮಾಡುವಷ್ಟು ಬಿಡುವಿಲ್ಲ. (ಹಾಸನ)

ಉ: ಎನ್‌ಸಿಇಆರ್‌ಟಿ ಒಂದು ವರ್ಷದ ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆ ಡಿಪ್ಲೊಮಾ ನಡೆಸುತ್ತದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಅದರ ಕೇಂದ್ರಗಳಲ್ಲೊಂದು. ಒಂದಷ್ಟು ತಿಂಗಳು ದೂರದಿಂದ ಓದು, ಆಮೇಲೆ ಕೇಂದ್ರದಲ್ಲಿ ಮುಖಾಮುಖಿ ತರಗತಿ, ಕೊನೆಗೆ ನಿಮ್ಮ ಶಾಲೆಯಲ್ಲೇ ಇಂಟರ್ನ್‌ಶಿಪ್. ಮುಖಾಮುಖಿ ತರಗತಿಯ ತಿಂಗಳುಗಳಿಗೆ ಇಲಾಖೆಯ ನಿಯೋಜನೆ ಬೇಕಾಗುತ್ತದೆ, ಅದರ ಓಡಾಟ ಮೊದಲೇ ಶುರು ಮಾಡಿ.

ಪ್ರ: ಸೈಕಾಲಜಿ ಓದುತ್ತಿದ್ದಾಳೆ ಅಂತ ಗೊತ್ತಾದ ಮೇಲೆ ಓಣಿಯ ಅತ್ತೆ, ಚಿಕ್ಕಮ್ಮಂದಿರೆಲ್ಲ ಸಮಸ್ಯೆ ತರುತ್ತಾರೆ. "ನಮ್ಮ ಹುಡುಗನ ಜೊತೆ ಸ್ವಲ್ಪ ಮಾತಾಡವ್ವ" ಅಂತಾರೆ. ಏನು ಮಾಡಲಿ? (ಗದಗ)

ಉ: ಮಾತಾಡಿಸುವುದು ತಪ್ಪಲ್ಲ, ಚಿಕಿತ್ಸೆ ಎಂದು ಕೂರುವುದು ತಪ್ಪು. ತರಗತಿಯಲ್ಲಿ ಕಲಿತ ಪ್ರಶ್ನಾವಳಿಯನ್ನು ಓಣಿಯ ಹುಡುಗನ ಮೇಲೆ ಪ್ರಯೋಗಿಸಬೇಡಿ. ಅವನ ಅಂಕ ನಾಳೆ ಬಾವಿಕಟ್ಟೆಯ ಮಾತಾಗುತ್ತದೆ. ಅವನೇ ಬಂದು ಮಾತಾಡಿದರೆ ಕೇಳಿಸಿಕೊಳ್ಳಿ, ಚಿಕ್ಕಮ್ಮನಿಗೆ ವರದಿ ಒಪ್ಪಿಸಬೇಡಿ. "ನಾನಿನ್ನೂ ಓದ್ತಾ ಇದೀನಿ ಚಿಕ್ಕಮ್ಮ, ಇದಕ್ಕೆ ಡಾಕ್ಟರ್ ಬೇಕು" ಎಂದು ನೇರ ಹೇಳಿ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಹೋಗಲು ತಿಳಿಸಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿಯೇ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದಿಂದ ಹುಟ್ಟಿದ್ದು. ನಮ್ಮವರಿಗೇ ಅದು ಗೊತ್ತಿಲ್ಲದಿರುವುದು ಸೋಜಿಗ. ಹೊರಗೆ ಹೋಗಲು ನಾಚಿಕೆಪಡುವವರಿಗೆ 14416 ಇದೆ, ಕನ್ನಡದಲ್ಲೇ ಮಾತಾಡಬಹುದು, ಕರೆಗೆ ದುಡ್ಡಿಲ್ಲ. ಜೀವ ಬೇಡ ಎಂಬ ಮಾತು ಯಾರಾದರೂ ಆಡಿದರೆ ಮಾತ್ರ ಗುಟ್ಟಿನ ಪ್ರಶ್ನೆಯಿಲ್ಲ, ಅಂದೇ ಮನೆಯ ಹಿರಿಯರಿಗೆ ತಿಳಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಪ್ರ: ಬುದ್ಧಿಶಕ್ತಿ ಪರೀಕ್ಷೆಗಳೆಲ್ಲ ವಿದೇಶದವು. ಕನ್ನಡದ ಮಕ್ಕಳಿಗೆಂದೇ ಮಾಡಿದ್ದು ಇಲ್ಲವೇ? (ಬಾಗಲಕೋಟೆ)

ಉ: ಇದೆ, ಅದೂ ನಿಮ್ಮ ಕಡೆಯದೇ. ವಿ.ವಿ. ಕಾಮತ್ ಅವರು ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಧಾರವಾಡದಲ್ಲಿ ಒಗ್ಗಿಸಿ 1934ರಲ್ಲಿ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂದು ಅದು ಇಂದಿಗೂ ಆಸ್ಪತ್ರೆಗಳಲ್ಲಿ ಕಾಣಸಿಗುತ್ತದೆ. ಅದರ ತೊಡಕೂ ಅಲ್ಲೇ ಇದೆ: ಯಾವ ವಯಸ್ಸಿನ ಮಗು ಎಷ್ಟು ಉತ್ತರಿಸಬೇಕು ಎಂಬ ಮಟ್ಟಗಳು ಆ ಕಾಲದ ಮಕ್ಕಳವು. ಅಂಥ ಹಳೆಯ ಮಟ್ಟಕ್ಕೆ ಇಂದಿನ ಮಗುವನ್ನು ಹೋಲಿಸಿದರೆ ಅಂಕ ಇರಬೇಕಾದ್ದಕ್ಕಿಂತ ಮೇಲೆ ಹೋಗುವ ಸಂಭವವಿದೆ. ಅನುಕೂಲ ಬೇಕಾದ ಮಗುವಿಗೆ ಪ್ರಮಾಣಪತ್ರ ತಪ್ಪುವುದೂ ಹೀಗೆಯೇ. ಸಿ.ಎಂ. ಭಾಟಿಯಾ ಅವರ 1955ರ ಪರೀಕ್ಷಾಮಾಲೆಯಲ್ಲಿ ಕೈಯಿಂದ ಮಾಡುವ ಕೆಲಸಗಳು ಹೆಚ್ಚು, ಓದುಬರಹ ಬಾರದವರಿಗೂ ಕೊಡಬಹುದು.

ಮೈಸೂರಿನದೂ ಹಳೆಯ ಪರಂಪರೆಯೇ. ಕಲ್ಕತ್ತಾದಲ್ಲಿ 1916ರಲ್ಲಿ ದೇಶದ ಮೊದಲ ಮನೋವಿಜ್ಞಾನ ವಿಭಾಗ ಆದ ಮೇಲೆ ಎರಡನೆಯದು 1924ರಲ್ಲಿ ಮೈಸೂರಿನಲ್ಲಿ ಆದದ್ದು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ, ಬುದ್ಧಿಶಕ್ತಿಯನ್ನು ಅಳೆಯುವ ಕೆಲಸಕ್ಕೆ ಹೆಸರಾದ ಸ್ಪಿಯರ್‌ಮನ್ ಪರಂಪರೆಯಲ್ಲಿ ತರಬೇತಾದವರು. 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಶುರು ಮಾಡಿದವರೂ ಇವರೇ, ಅದೇ 'ಆಕಾಶವಾಣಿ'.

ಪ್ರ: ನೆಟ್ ಬರೆಯುವುದೋ ಕೆ-ಸೆಟ್ ಬರೆಯುವುದೋ? ಪಿಎಚ್.ಡಿ.ಗೆ ಯಾವುದು ಬೇಕು? (ಕಲಬುರಗಿ)

ಉ: ಎರಡೂ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳು, ನೆಟ್ ದೇಶಮಟ್ಟದ್ದು, ಕೆ-ಸೆಟ್ ರಾಜ್ಯದ್ದು. ಎರಡೂ ಬರೆಯಿರಿ, ಪಠ್ಯ ಹೆಚ್ಚುಕಡಿಮೆ ಒಂದೇ. ಕೆ-ಸೆಟ್‌ನಿಂದ ರಾಜ್ಯದೊಳಗೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಬರುತ್ತದೆ, ಫೆಲೋಶಿಪ್ ಬರುವುದಿಲ್ಲ. ನೆಟ್‌ನಲ್ಲಿ 2024ರಿಂದ ಮೂರು ಮೆಟ್ಟಿಲು: ಒಂದು, ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್; ಎರಡು, ಸಹಾಯಕ ಪ್ರಾಧ್ಯಾಪಕ ಹುದ್ದೆ ಮತ್ತು ಪಿಎಚ್.ಡಿ. ಪ್ರವೇಶ; ಮೂರು, ಪಿಎಚ್.ಡಿ. ಪ್ರವೇಶ ಮಾತ್ರ. ಕೊನೆಯ ಎರಡರಲ್ಲಿ ಪ್ರವೇಶಕ್ಕೆ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30 ತೂಕ. ಆ ಅಂಕ ಒಂದು ವರ್ಷ ಮಾತ್ರ ಊರ್ಜಿತ. ಜೆಆರ್‌ಎಫ್ ಸಿಕ್ಕರೆ 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000, ಮನೆಬಾಡಿಗೆ ಭತ್ಯೆ ಬೇರೆ.

ಪಿಎಚ್.ಡಿ. ಕನಿಷ್ಠ ಮೂರು, ಗರಿಷ್ಠ ಆರು ವರ್ಷ, ಜೊತೆಗೆ ಕನಿಷ್ಠ 12 ಕ್ರೆಡಿಟ್ ಕೋರ್ಸ್‌ವರ್ಕ್. ಪ್ರಾಧ್ಯಾಪಕರ ಕೈಕೆಳಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ಮಂದಿಗಿಂತ ಹೆಚ್ಚು ಸಂಶೋಧಕರು ಇರುವಂತಿಲ್ಲ. ಹಾಗಾಗಿ ಒಳ್ಳೆಯ ಅಂಕವಿದ್ದರೂ ನಿಮ್ಮ ವಿಷಯದ ಮಾರ್ಗದರ್ಶಕರಲ್ಲಿ ಜಾಗ ಖಾಲಿ ಇಲ್ಲದಿದ್ದರೆ ವಾಪಸು ಬರಬೇಕಾಗುತ್ತದೆ. ಅಧಿಸೂಚನೆಯಲ್ಲಿ ಪ್ರಕಟವಾಗುವ ಖಾಲಿ ಸ್ಥಾನಗಳ ಪಟ್ಟಿಯನ್ನು ನೋಡಿ, ಆ ಅಧ್ಯಾಪಕರಿಗೆ ಎರಡು ಪುಟದ ಪ್ರಸ್ತಾವನೆ ಕಳಿಸಿ, ಆಮೇಲೆ ಶುಲ್ಕ ಕಟ್ಟಿ.

ನೆಟ್‌ನ ಎರಡು ಪತ್ರಿಕೆಗಳೂ ಒಂದೇ ಮೂರು ಗಂಟೆಯಲ್ಲಿ: ಸಾಮಾನ್ಯ ಪತ್ರಿಕೆಯ 50, ಮನೋವಿಜ್ಞಾನದ 100 ಪ್ರಶ್ನೆಗಳು. ತಪ್ಪಿಗೆ ಅಂಕ ಕಡಿತವಿಲ್ಲ, ಒಂದನ್ನೂ ಖಾಲಿ ಬಿಡಬೇಡಿ. ಅರ್ಜಿಯಲ್ಲಿ ಮನೋವಿಜ್ಞಾನದ ವಿಷಯ ಸಂಕೇತ 04.